ಬೀದಿ ಕಡೆಯ ಗೋಡೆ

ಇಂಗ್ಲೆಂಡಿನ ಯಾವುದೋ ಮೂಲೆಯ ಹಳ್ಳಿಯ ಚರ್ಚಿನ ಗೋಪುರ ಯಾಕೆ ಒಂದು ಮಗ್ಗುಲಿಗೆ ವಾಲಿದೆ, ಅದರ ಬಡಗಣ ಕಿಟಕಿಯನ್ನು ಯಾಕೆ ಮುಚ್ಚಿದರು ಎಂದು ಕೇಳಿ, ಥಟ್ಟನೆ ಹೇಳುತ್ತೇನೆ. ನಮ್ಮ ಕೊಟ್ಟೂರಿನಲ್ಲೇ ದಿನಾ ದಾಟಿ ಹೋಗುವ ಹಳೇ ಕಟ್ಟಡವೊಂದನ್ನು ತೋರಿಸಿ ಇದು ಯಾರು ಕಟ್ಟಿಸಿದ್ದು ಎಂದರೆ ಮಾತ್ರ ಮಾತು ಮರೆಸುತ್ತೇನೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳ ಪಾಡು ಇದು.

ತಪ್ಪು ನನ್ನದಲ್ಲ, ಫೋನಿನದು. ಪಾಠಕ್ಕೊಂದು ಚಿತ್ರ ಹುಡುಕಲು ಹೋದವಳನ್ನು ಅದು ಇಂಗ್ಲೆಂಡಿನ ಇಟ್ಟಿಗೆ ಕಟ್ಟಡಗಳ ನಡುವೆ ಬಿಟ್ಟುಬಂತು. ಅಲ್ಲಿ ಎಷ್ಟೋ ಊರುಗಳಲ್ಲಿ ಊರಿನ ಇತಿಹಾಸಕ್ಕೆಂದೇ ಸಂಘಗಳಿವೆ. ಕೆಲಸದಿಂದ ನಿವೃತ್ತರಾದವರು ಟೇಪು ಹಿಡಿದು ಗೋಡೆ ಅಳೆಯುತ್ತಾರೆ, ಯಾವ ಇಟ್ಟಿಗೆ ಉದ್ದಕ್ಕೆ ಮಲಗಿದೆ, ಯಾವುದು ಅಡ್ಡಕ್ಕೆ ಎಂದು ವಾದ ಹೂಡುತ್ತಾರೆ, ಚಹಾ ಕುಡಿದು ರಾಜಿಯಾಗುತ್ತಾರೆ. ಹಿಂದೊಮ್ಮೆ ಅಲ್ಲಿ ಇಟ್ಟಿಗೆಗಳನ್ನು ಎಣಿಸಿ ತೆರಿಗೆ ಹಾಕುತ್ತಿದ್ದರಂತೆ. ಜನ ಏನು ಮಾಡಿದರು? ಇಟ್ಟಿಗೆಯನ್ನೇ ದೊಡ್ಡದು ಮಾಡಿಬಿಟ್ಟರು. ಇದನ್ನು ಓದಿದ ದಿನದಿಂದ ಅವರು ನನಗೆ ದೂರದ ನೆಂಟರ ಹಾಗೆ ಕಾಣತೊಡಗಿದರು.

ಇಷ್ಟು ತಲೆಗೇರಿದ ಮೇಲೆ ಒಂದು ಸಂಜೆ ಶಾಲೆಯಿಂದ ಬಂದವಳು ನಮ್ಮ ಮನೆಯ ಮುಂದೆಯೇ ನಿಂತುಬಿಟ್ಟೆ. ನಮ್ಮ ಮನೆಗೆ ಒಳಗೆಲ್ಲ ಸಿಮೆಂಟು ಮೆತ್ತಿ ಗಿಲಾವು ಆಗಿದೆ, ಬಣ್ಣವೂ ಆಗಿದೆ. ಬೀದಿ ಕಡೆಯ ಗೋಡೆ ಮಾತ್ರ ಬರೀ ಇಟ್ಟಂಗಿ. ಕೂಲಿ ಮಾಡುತ್ತಿದ್ದ ಅತ್ತೆ ಮಾವ ತಾವೇ ಮಣ್ಣು ಕಲಸಿ, ಅಚ್ಚು ಹಾಕಿ, ಸುಟ್ಟು ಕಟ್ಟಿದ ಮನೆ ಇದು. ಹೊರಗಿನ ಗಿಲಾವಿಗೆ ಕೈ ಹಾಕುವ ಮೊದಲೇ ಮಾವ ತೀರಿಕೊಂಡರು. ಆಮೇಲೆ ಮಗನ ಕಾಲೇಜು, ಮಗಳ ಮದುವೆ, ಹೀಗೆ ಪ್ರತಿ ಸಲವೂ ಏನಾದರೊಂದು ಗೋಡೆಗಿಂತ ಮುಂದೆ ಬಂದು ನಿಂತಿತು. ಈಗ ನನ್ನ ಗಂಡನಿಗೂ ನನಗೂ ಸಂಬಳ ಬರುತ್ತದೆ. ಬುದ್ಧ ಪೂರ್ಣಿಮೆಯ ಒಳಗೆ ಗಿಲಾವು ಮುಗಿಸಬೇಕೆಂದು ಅತ್ತೆ ಹಟ ಹಿಡಿದಿದ್ದರು. ಅದೇ ಹೊತ್ತಿಗೆ ನನಗೆ ಇಂಗ್ಲೆಂಡು ಅಂಟಿಕೊಂಡಿತು.

ಸಂಜೆ ಬಿಸಿಲಿಗೆ ಆ ಗೋಡೆ ಎಷ್ಟು ಚೆಂದ ಕಾಣುತ್ತಿತ್ತೆಂದರೆ! ಒಂದು ಇಟ್ಟಂಗಿ ಕೆಂಪು, ಒಂದು ಕಪ್ಪು, ಒಂದು ಸುಟ್ಟ ರೊಟ್ಟಿಯ ಬಣ್ಣ. ಬಾಗಿಲ ಪಕ್ಕದ ಒಂದರ ಮೇಲೆ ಬೆರಳುಗಳ ಗುರುತು ಕೂಡ ಇತ್ತು. ಯಾರದೆಂದು ಅತ್ತೆಯನ್ನು ಕೇಳಿದೆ.

"ನಂದೋ, ನಿಮ್ಮ ಮಾವಂದೋ. ಹಸೀದು ಇದ್ದಾಗ ಎತ್ತಿರಬೇಕು," ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದರು.

ಗಿಲಾವು ಬೇಡವೆಂದು ನೇರವಾಗಿ ಹೇಳುವ ಧೈರ್ಯವಿರಲಿಲ್ಲ. ಫೋನಿನಲ್ಲಿ ಆ ವಾಲಿದ ಗೋಪುರದ, ಬರೀ ಇಟ್ಟಿಗೆಯ ಚರ್ಚು ತೋರಿಸಿದೆ. ಅತ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಪಾಪ, ಇಷ್ಟ್ ದೊಡ್ಡ ಗುಡಿ ಕಟ್ಟ್ಯಾರ, ಗಿಲಾವಿಗೆ ಬರೋದ್ರಾಗ ಕೈ ಬರಿದಾಗೈತಿ."

"ಇಲ್ರಿ ಅತ್ತಿ, ಬೇಕಂತಲೇ ಹಂಗ ಬಿಟ್ಟಾರ."

"ಬಡವರು ಹಂಗಽ ಹೇಳ್ತಾರವಾ. ನಾವೂ ಹೇಳೀವಿ."

ಒಂದು ಕಾಲಕ್ಕೆ ಅರ್ಧ ಲೋಕ ಆಳಿದವರ ಮೇಲೆ ನಮ್ಮ ಪಡಸಾಲೆಯಲ್ಲಿ ಕೂತು ಅತ್ತೆ ಕನಿಕರಪಟ್ಟರು. ಅವರದೂ ತಪ್ಪಲ್ಲ. ನಮ್ಮ ಕಡೆ ಗುಡಿಯ ಗೋಪುರಗಳೊಳಗೂ ಇಟ್ಟಿಗೆ ಇದ್ದದ್ದೇ, ಆದರೆ ಅದರ ಮೇಲೆ ಗಾರೆ, ಗಾರೆಯ ಮೇಲೆ ಸುಣ್ಣಬಣ್ಣ. ಗಾರೆ ಉದುರಿದರೆ ಮಾತ್ರ ಇಟ್ಟಿಗೆ ಹೊರಗೆ ಇಣುಕುತ್ತದೆ, ಕೂಡಲೇ ಜೀರ್ಣೋದ್ಧಾರದ ಮಾತು ಏಳುತ್ತದೆ. ಬರೀ ಇಟ್ಟಿಗೆ ಎಂದರೆ ನಮಗೆ ಹಾಳಾದದ್ದು, ಇಲ್ಲವೇ ಅರ್ಧಕ್ಕೆ ನಿಂತದ್ದು.

ನನ್ನ ಗಂಡನನ್ನು ನನ್ನ ಕಡೆಗೆ ಎಳೆದುಕೊಳ್ಳಲು ನೋಡಿದೆ. ಅವರು ಹೆಂಡತಿಯ ಮಾತಿಗೂ ತಾಯಿಯ ಮಾತಿಗೂ ಒಂದೇ ಅಳತೆಯಲ್ಲಿ ತಲೆಯಾಡಿಸಿ ಸ್ನಾನಕ್ಕೆ ಹೋದರು. ಕೊನೆಗೆ ನಾನೇ ಅತ್ತೆಯ ಮುಂದೆ ಕೂತು, ಇದು ನಿಮ್ಮ ಕೈಯ ಕೆಲಸ, ಮುಚ್ಚಿಬಿಟ್ಟರೆ ಮೊಮ್ಮಕ್ಕಳಿಗೆ ಏನು ಕಾಣುತ್ತದೆ ಎಂದೆ. ಅತ್ತೆಗೆ ಸಿಟ್ಟು ಬರಬಹುದು ಅಂದುಕೊಂಡಿದ್ದೆ. ಬರಲಿಲ್ಲ.

"ಈ ಊರಾಗ ಎಷ್ಟೋ ಮನಿ ಗಿಲಾವಿಗೆ ಬುಟ್ಟಿ ಹೊತ್ತೀನಿ," ಎಂದರು. "ಕೆಲಸ ಮುಗದ ದಿನ ಆ ಮನೇರೆಲ್ಲ ಬೀದ್ಯಾಗ ನಿಂತು ತಮ್ಮ ಮನಿ ನೋಡ್ತಿದ್ರು. ನಾನು ಬುಟ್ಟಿ ತೊಳಕೊಂಡು ಬರ್ತಿದ್ದೆ. ನನಗೂ ಒಂದಿನ ಹಂಗ ನೋಡಬೇಕು ಅಂತ ಐತವಾ."

ಆಮೇಲೆ ನಾನು ಇಂಗ್ಲೆಂಡಿನ ಹೆಸರೆತ್ತಲಿಲ್ಲ.

ಭಾನುವಾರ ಗಿಲಾವು ಮಾಡುವ ಗೌಂಡಿ ಬಂದ. ಸಿಮೆಂಟು ಮರಳಿನ ಕಲಸು ತಯಾರಾಗುತ್ತಿದ್ದಂತೆ ಅತ್ತೆ ಸೆರಗನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು, ಮೊದಲ ಬುಟ್ಟಿ ನನ್ನದು ಎಂದರು. ಬೇಡವೆಂದರೆ ಕೇಳುವವರಲ್ಲ. ಅರ್ಧ ಬುಟ್ಟಿ ಹೊರಿಸಿದೆವು. ಗೋಡೆಯ ತನಕ ನೆಟ್ಟಗೆ ನಡೆದು ಹೋಗಿ, ಕುತ್ತಿಗೆ ಕೊಂಕಿಸದೆ ಇಳಿಸಿದರು. ಬಾಗಿಲ ಪಕ್ಕದ ಆ ಬೆರಳುಗಳ ಗುರುತಿನ ಮೇಲೆ ಕಲಸು ಬಿದ್ದಾಗ ನನಗೆ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಅತ್ತೆಯ ಮುಖ ನೋಡಿದರೆ ಸಂತೋಷವೂ ಆಗುತ್ತಿತ್ತು. ಎರಡೂ ಒಟ್ಟಿಗೇ ಆದವು.

ಸಂಜೆ ಕೆಲಸ ಮುಗಿಯಿತು. ಅತ್ತೆ ಬೀದಿಯ ಆಚೆ ಬದಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ನಮ್ಮ ಮನೆಯ ಕಡೆ ಮುಖ ಮಾಡಿ ಕೂತರು. ಹಾಲು ತರಲು ಹೊರಟ ನೆರೆಮನೆಯಾಕೆ ಅವರನ್ನು ಕಂಡು ನಿಂತಳು.

"ಯಾಕ ದುರುಗವ್ವ, ಮಂದಿ ಮನಿ ಮುಂದ ಕುಂತೀ?"

"ನನ್ನ ಮನಿ ಇಲ್ಲಿಂದ ಚಲೋ ಕಾಣ್ತೈತಿ."

ಒಲೆಯ ಮೇಲೆ ಅನ್ನವಿತ್ತು. ಗ್ಯಾಸ್ ಆರಿಸಿ ಬಂದು ನಾನೂ ಒಂದು ಕುರ್ಚಿ ಹಾಕಿಕೊಂಡೆ. ಹಸಿ ಗಿಲಾವು ಕತ್ತಲಾಗುವ ತನಕ ಬೂದುಬಣ್ಣವಾಗಿಯೇ ಇತ್ತು. ನಾನು ಏನೂ ಕೇಳಿರಲಿಲ್ಲ, ಅತ್ತೆ ತಾವಾಗಿಯೇ ಮಾತು ತೆಗೆದರು.

"ಆ ಗ್ವಾಡಿಗೆ ಮಣ್ಣು ತುಳಿಯೋ ಮುಂದ ನಿನ್ನ ಗಂಡ ನನ್ನ ಹೊಟ್ಟ್ಯಾಗಿದ್ದ, ಗೊತ್ತೇನು?"

ಗೊತ್ತಿರಲಿಲ್ಲ. ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ.