ಎದುರುಮನೆಯ ಸೈರನ್

ಎದುರುಮನೆಯ ಅವಿವಾಹಿತ ಗುಮಾಸ್ತರನ್ನು ನಮ್ಮ ಬೀದಿ ‘ಕಾವಲು ಮಾವ’ ಎಂದು ಕರೆಯುತ್ತದೆ. ಆ ಮನೆಯಲ್ಲಿರುವುದು ಒಂದು ಹಳೆಯ ರೇಡಿಯೊ ಮತ್ತು ಅವರು. ಎರಡನ್ನೂ ಯಾವ ಕಳ್ಳನೂ ಹೊತ್ತೊಯ್ಯಲಾರ. ಆದರೂ ಕಳ್ಳರ ಅಲಾರಂ ಕೊಳ್ಳಲು ಹೊರಟವರು ಅಳಿಯನನ್ನು ಆರಿಸುವವರಂತೆ ಅಂಗಡಿಗಳನ್ನೆಲ್ಲ ಜಾಲಾಡಿದರು. ಫೋನಿಗೆ ಮಾತ್ರ ಸುದ್ದಿ ಕೊಡುವ ಯಂತ್ರ ತೋರಿಸಿದವನಿಗೆ, “ನನಗೊಬ್ಬನಿಗೆ ಕೇಳಿಸಿದ್ರೆ ಏನು ಬಂತಪ್ಪ? ಬೀದಿಗೆಲ್ಲ ಕೇಳಿಸ್ಬೇಕು” ಎಂದರು. ಇನ್ನೊಂದರ ಸೈರನ್ ಕೇಳಿ, “ಇದು ಕೆಮ್ಮಿದ ಹಾಗಿದೆ, ಕೂಗೋದು ತೋರಿಸು” ಎಂದರು. ಕೊನೆಗೆ ಸತ್ತವರೂ ಎದ್ದು ಕೂರುವಂಥದ್ದೊಂದು ಗೋಡೆಯೇರಿತು. ಅದನ್ನು ಅಳವಡಿಸಲು ಬಂದ ಮೆಕ್ಯಾನಿಕ್‌ನನ್ನು ಕಿಟಕಿಯಿಂದ ನುಗ್ಗಿಸಿ, ಹಿತ್ತಿಲಲ್ಲಿ ತೆವಳಿಸಿ, ಪರೀಕ್ಷೆಯ ನೆಪದಲ್ಲಿ ಅವನಿಗೆ ಕಳ್ಳತನವನ್ನೇ ಕಲಿಸಿದರು. ಅಂದಿನಿಂದ ಆಗಾಗ ಸಂಜೆ ಅದು ಅರಚುತ್ತದೆ. ನಾವು ಬಿದ್ದೆದ್ದು ಓಡಿದರೆ, “ಹಲ್ಲಿ ಹರಿದಾಡ್ತು ಅಂತ ಕಾಣುತ್ತೆ. ಹೇಗೂ ಬಂದಿದ್ದೀರಿ, ಕೂತ್ಕೊಳ್ಳಿ” ಎನ್ನುತ್ತಾರೆ. ಕಳೆದ ಬಾರಿ ನಾನು ಅಡುಗೆಮನೆಗೆ ಇಣುಕಿದೆ. ಒಲೆಯ ಮೇಲೆ ಚಹಾ ಆಗಲೇ ಕುದಿಯುತ್ತಿತ್ತು; ಪಕ್ಕದಲ್ಲಿ ನಮ್ಮೆಲ್ಲರಿಗೂ ಸಾಲುವಷ್ಟು ಲೋಟಗಳನ್ನು ತೊಳೆದು ಜೋಡಿಸಿಟ್ಟಿದ್ದರು. ಮರುದಿನ ಬೀದಿಯವರ ದೂರಿನ ಮೇಲೆ ಅದೇ ಮೆಕ್ಯಾನಿಕ್ ರಿಪೇರಿಗೆ ಬಂದ. ನಾನು ಅವನನ್ನು ಗೇಟಿನಲ್ಲೇ ತಡೆದು, “ವಾಪಸ್ ಹೋಗಪ್ಪ, ಅದು ಸರಿಯಾಗೇ ಕೆಲಸ ಮಾಡ್ತಿದೆ” ಎಂದೆ.