ಮರಳಿನೊಳಗಿನ ಡೇರೆ

ಬಸ್ ಡ್ರೈವರನಿಗೆ ರಜೆ ಸಿಗುತ್ತಿದ್ದುದೇ ಉಳಿದವರೆಲ್ಲ ಪ್ರವಾಸ ಮುಗಿಸಿ ಮನೆ ಸೇರಿದ ಮೇಲೆ. ಅವನು ಹಟಮಾರಿ, ಹಿಡಿದ ದಾರಿ ಬಿಟ್ಟವನಲ್ಲ. ಆ ವರ್ಷ ಹೆಂಡತಿ, ಮಗಳು, ಅತ್ತೆಯನ್ನು ಕರೆದುಕೊಂಡು ದೂರದ ಕಡಲತೀರಕ್ಕೆ ಹೋದ. ಅಲ್ಲಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು.

"ನರಪಿಳ್ಳೆ ಇಲ್ವಲ್ಲಪ್ಪ ಇಲ್ಲಿ," ಅಂದರು ಅತ್ತೆ.

"ಅದಕ್ಕೇ ಬಂದಿದ್ದು ಅತ್ತೆ. ಸಮುದ್ರ ಪೂರ್ತಿ ನಮ್ದೇ!"

ದಿಬ್ಬದ ಮೇಲೆ ಕಾರು ನಿಲ್ಲಿಸಿ, ಕೆಳಗೆ ತೊರೆಯೊಂದರ ಪಕ್ಕ ಗಾಳಿ ತಾಗದ ಜಾಗ ನೋಡಿ ಡೇರೆಯ ಗೂಟ ಹೊಡೆಯತೊಡಗಿದ. ಗೂಟ ಏನಕ್ಕೋ ತಾಗಿ ನಿಂತಿತು. ಬಗೆದು ನೋಡಿದರೆ ಮರಳಿನೊಳಗೆ ಇನ್ನೊಂದು ಗೂಟ, ಅದಕ್ಕೆ ಕಟ್ಟಿದ ಹಗ್ಗ. ಹಗ್ಗ ಎಳೆದಾಗ ಹರಿದ ಡೇರೆಬಟ್ಟೆ ಮೇಲೆದ್ದಿತು. ಅದರ ಮಡಿಕೆಯಲ್ಲಿ, ಲೇಸು ಕಟ್ಟಿದ್ದ ಹಾಗೆಯೇ, ಒಂದು ಪುಟ್ಟ ಬೂಟು.

ಮಗಳು ಹತ್ತಿರ ಬರುವುದನ್ನು ಕಂಡು ಗಡಿಬಿಡಿಯಿಂದ ಮರಳು ಮುಚ್ಚಿದ.

"ಎಲ್ಲ ಕಟ್ಟಿ, ಮೇಲೆ ಹೋಗೋಣ."

"ಈಗಷ್ಟೇ ಬಿಚ್ಚಿದ್ದು ಕಣ್ರೀ! ತಲೆ ಕೆಟ್ಟಿದ್ಯಾ?" ಎಂದಳು ಹೆಂಡತಿ.

"ಹೂಂ, ಕೆಟ್ಟಿದೆ. ಏಳು ಬೇಗ."

ಆ ದನಿ ಕೇಳಿ ಅವಳು ಚಾಪೆ ಸುತ್ತತೊಡಗಿದಳು. ಎಲ್ಲರೂ ದಿಬ್ಬ ಹತ್ತಿ ಕಾರಿನ ಬಳಿ ನಿಂತಾಗ ಸಂಜೆಯಾಗಿತ್ತು. ಎದುರಿನ ಅಲೆಗಳು ಇನ್ನೂ ದೂರದಲ್ಲೇ ಇದ್ದವು. ಆದರೆ ಪಕ್ಕದ ತೊರೆಯೊಳಗೆ ಉಕ್ಕಿದ ಕಡಲ ನೀರು ಹಿಂದಿನಿಂದ ಸದ್ದಿಲ್ಲದೆ ಬಳಸಿ ಬಂದು, ಅವರು ಚಾಪೆ ಹಾಸಿದ್ದ ಜಾಗವನ್ನೂ ಹತ್ತಿ ಬಂದ ಕಾಲುದಾರಿಯನ್ನೂ ನುಂಗಿತು.

"ಅಪ್ಪ, ಅಲ್ಲೇನ್ ಸಿಕ್ತು ನಿಂಗೆ?"

"ಕಲ್ಲು ಕಣಮ್ಮ."

ಮೊದಲು ಸಿಕ್ಕಿದ ಪೇಟೆಯಲ್ಲಿ ಅವನು ಪೊಲೀಸ್ ಠಾಣೆಯ ಮುಂದೆ ಕಾರು ನಿಲ್ಲಿಸಿದ. ಆಗಷ್ಟೇ ಹೆಂಡತಿಯ ಕಿವಿಯಲ್ಲಿ ನಿಜ ಹೇಳಿದ.