ಕುರಿಯ ಮೊಣಕಾಲು ಹಿಡಿದು ಹುಕ್ಕೇರಿಗೆ

ಎರಡು ವರ್ಷದ ಹಿಂದಿನ ಮಾತು. ನಾನು ಬೆಳಗಾವಿಯಲ್ಲಿ ಸಂಶೋಧನೆ ಮಾಡುತ್ತಿದ್ದೆ. ಜಿಲಾಟಿನ್‌ಗೆ ಒಂದು ಕಿಣ್ವ ಬೆರೆಸಿದರೆ ಅದು ಗಟ್ಟಿ ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಆ ಜೆಲ್‌ನೊಳಗೆ ಕೀಲಿನ ಮೃದ್ವಸ್ಥಿಯ ಜೀವಕೋಶಗಳನ್ನು ಬೆಳೆಸಿ, ಮುಂದೊಂದು ದಿನ ಸವೆದ ಮೊಣಕಾಲಿಗೆ ತೇಪೆ ಹಾಕಬಹುದೇ ಎಂಬುದು ನನ್ನ ವಿಷಯ. ಅದಕ್ಕೆ ಆಗತಾನೆ ಕಡಿದ ಕುರಿಯ ಮೊಣಕಾಲು ಬೇಕು. ಕೀಲು ಬಿಚ್ಚಿರಬಾರದು, ನೀರು ತಾಗಿರಬಾರದು, ಕೆಲವೇ ತಾಸಿನಲ್ಲಿ ಪ್ರಯೋಗಾಲಯ ಸೇರಬೇಕು. ಬೆಳಗಾವಿಯ ಅಂಗಡಿಗಳಲ್ಲಿ ಕೀಲು ಬಿಚ್ಚಿ ತೊಳೆದೇ ಕೊಡುತ್ತಿದ್ದರು. ಬೇರೆ ಊರಿನಿಂದ ಎರಡು ಸಲ ತಂದದ್ದು ದಾರಿಯಲ್ಲೇ ಕೆಟ್ಟು ಕೋಶಗಳೆಲ್ಲ ಸತ್ತಿದ್ದವು. "ಇನ್ನೊಂದು ಸಲ ನೋಡೋಣ, ಆಗದಿದ್ದರೆ ವಿಷಯ ಬದಲಿಸು" ಎಂದಿದ್ದರು ಮಾರ್ಗದರ್ಶಕರು. ನಾನು ಬಿಡುವವಳಲ್ಲ.

ನನ್ನೂರು ಮೇಲವಂಕಿಗೆ ಬಂದವಳು, ಬೆಳಿಗ್ಗೆ ಐಸ್ ಡಬ್ಬಿ ಹಿಡಿದು ಹತ್ತಿರದ ಘಟಪ್ರಭಾದ ಮಟನ್ ಅಂಗಡಿಯೊಂದರ ಮುಂದೆ ನಿಂತೆ. ನಾನು ಕೇಳಿದ್ದು ಕಿವಿಗೆ ಬಿದ್ದು ಗಿರಾಕಿಗಳು ನಕ್ಕರು.

"ಕಾಲ್ ಸೂಪ್ ಕುಡಿಯಾಕ ಇಷ್ಟೆಲ್ಲಾ ಕಟ್ಟುನಿಟ್ಟೇನ್ರಿ?" ಎಂದರೊಬ್ಬರು.

ನಾಚಿಕೆಯಾಯಿತು. ಆದರೂ ಅಲ್ಲಾಡಲಿಲ್ಲ. ಅಂಗಡಿಯ ಕಾಕಾ ಮಾತ್ರ ನಗಲಿಲ್ಲ. "ಯಾಕ ಬೇಕವ್ವಾ?" ಎಂದು ಕತ್ತಿ ಕೆಳಗಿಟ್ಟು ಎಲ್ಲವನ್ನೂ ಕೇಳಿಸಿಕೊಂಡರು. ಆಮೇಲೆ ಕೀಲಿನ ಮೇಲೂ ಕೆಳಗೂ ನಾಲ್ಕು ಬೆರಳು ಬಿಟ್ಟು ಎಲುಬು ಕಡಿದು, ಎರಡು ಮೊಣಕಾಲುಗಳನ್ನು ಡಬ್ಬಿಯಲ್ಲಿಟ್ಟರು.

ಸ್ಟೇಷನ್ನಿಗೆ ಹೋದರೆ ಬೆಳಗಾವಿಯ ರೈಲು ಎರಡು ತಾಸು ತಡ! ಇನ್ನಷ್ಟು ಐಸ್ ಕೇಳಲು ಅಂಗಡಿಗೆ ವಾಪಸ್ ಓಡಿದೆ.

"ಐಸ್ ಹಾಕಿದ್ರ ಹೊತ್ತು ನಿಲ್ತೈತೇನು? ಗಾಡಿ ಹತ್ತು, ಹುಕ್ಕೇರಿಗೆ ಹೋದ್ರ ಬಸ್ ಸಿಗತೈತಿ" ಎಂದು ಕಾಕಾ ಅಂಗಡಿಯ ಬಾಗಿಲು ಎಳೆದರು. ಬೈಕ್ ಹತ್ತುವಾಗ ಅವರ ಬಲಗಾಲು ಮಡಚಲಿಲ್ಲ. ಕೈಯಿಂದ ಎತ್ತಿ ಆಚೆ ಹಾಕಿಕೊಂಡರು.

ಹುಕ್ಕೇರಿಯಲ್ಲಿ ಬಸ್ ಹೊರಟೇಬಿಟ್ಟಿತ್ತು. ಕಾಕಾ ಹಾರ್ನ್ ಬಾರಿಸುತ್ತ ಬಸ್ಸಿನ ಪಕ್ಕಕ್ಕೆ ಹೋಗಿ, "ಕಂಡಕ್ಟರ್ ಸಾಹೇಬ್ರ, ನಿಲ್ಲಸ್ರಿ! ಹುಡುಗಿನ್ನ ಹತ್ತಿಸ್ಕೋರಿ!" ಎಂದು ಕೂಗಿದರು. ಬಸ್ ನಿಂತಿತು.

ಈ ಸಲ ಕೋಶಗಳು ಉಳಿದವು. ಜೀವಂತ ಕೋಶಕ್ಕಷ್ಟೇ ಹತ್ತುವ ಬಣ್ಣ ಹಾಕಿದಾಗ ಜೆಲ್‌ನೊಳಗೆ ಅವು ಹಸಿರು ಚುಕ್ಕೆಗಳಾಗಿ ಹೊಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ಕುರ್ಚಿಯಲ್ಲೇ ಅತ್ತುಬಿಟ್ಟೆ.

ಅದರ ಫೋಟೊ ಫೋನಿನಲ್ಲಿ ತೋರಿಸಲು ಘಟಪ್ರಭಾಕ್ಕೆ ಹೋದೆ. ಕಾಕಾ ಬಹಳ ಹೊತ್ತು ನೋಡಿದರು. "ನನ್ನ ಮೊಣಕಾಲಿಗೆ ಇದು ಯಾವಾಗ ಬರತೈತಿ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇನ್ನೂ ಭಾಳ ವರ್ಷ ಬೇಕ್ರಿ ಕಾಕಾ. ನಿಮಗ ಸಿಗತೈತೋ ಇಲ್ಲೋ ಹೇಳಾಕ ಬರೂದಿಲ್ರಿ."

ಅವರು ಫೋನ್ ವಾಪಸ್ ಕೊಟ್ಟು ಕತ್ತಿ ಮಸೆಯತೊಡಗಿದರು. "ಹಂಗಾರ ಹೊತ್ತು ಕಳೀಬ್ಯಾಡ. ಮುಂದಿನ ಸಲ ಎಷ್ಟು ಬೇಕು, ಹೇಳು."

ಜೆಲ್ ಇಂದಿಗೂ ಎಷ್ಟೋ ಸಲ ಕೆಡುತ್ತದೆ. ಆದರೆ ನನಗೀಗ ಅಳು ಬರುವುದಿಲ್ಲ, ಅವಸರವಾಗುತ್ತದೆ. ಮರುದಿನ ಬೆಳಿಗ್ಗೆಯೇ ಹೊಸದಾಗಿ ಹೆಪ್ಪು ಹಾಕುತ್ತೇನೆ.